ನಂಬರ್ ಮೂವತ್ತೊಂದರ ಬೆನ್ನು

ಮುಖ ಎಲ್ಲರಿಗೂ ಒಂದೇ.
ಬಿಳಿ ಪ್ಯಾಂಟು, ಕಾಲಿಗೆ ಪ್ಯಾಡು, ಕೈಗೆ ದಪ್ಪ ಗ್ಲೌಸು,
ಬಗ್ಗಿ ಕೂತ ವಿಕೆಟ್ ಕೀಪರ್,
ಅವನ ಹಿಂದೆ ಯಾವ ಊರಿನದೋ ಹಸಿರು.
ಹತ್ತು ಪೈಸೆಯ ನವಿಲು ಗಮ್ಮಿನ ಜೊತೆ ಬರುತ್ತಿದ್ದ,
ಮೈಗೆಲ್ಲ ಸಕ್ಕರೆ ಪುಡಿ ಮೆತ್ತಿಕೊಂಡು.

ನನಗೆ ಬೇಕಾದದ್ದು ಬೆನ್ನು.

ಆದೋನಿಯ ಪ್ರೆಸ್ಸಿನಲ್ಲಿ ಅಚ್ಚಾದ ನಲವತ್ತೆಂಟು ಕಾರ್ಡು,
ಬೆನ್ನ ಮೇಲೆಲ್ಲ ತೆಲುಗು.
ಎಂಬತ್ತೊಂದರ ಬೇಸಿಗೆಯಲ್ಲಿ ಒಂದೇ ಒಂದು ಸಲ
ಬಳ್ಳಾರಿಗೆಂದು ಕನ್ನಡದಲ್ಲಿ ಹಾಕಿದರು, ಎರಡೋ ಮೂರೋ ಪೆಟ್ಟಿಗೆ.
ಮೊಳೆ ಜೋಡಿಸುವವನಿಗೆ ಕನ್ನಡದ ಕ ಸಾಲದೆ ಬಂತೇನೋ,
ನಡುನಡುವೆ ತೆಲುಗಿನ ಕ ಇಟ್ಟುಬಿಟ್ಟ.
ನಮ್ಮ ತಲೆಕಟ್ಟು ಅಡ್ಡಕ್ಕೆ ಮಲಗಿದರೆ
ಅವರದು ಟಿಕ್ ಮಾರ್ಕಿನಂತೆ ಚಿಗುರಿ ನಿಲ್ಲುತ್ತದೆ.
ಅಷ್ಟೇ ಗುರುತು.
ಆ ತಪ್ಪಿಗೇ ಬೆಲೆ.

ನಲವತ್ತೇಳು ಸಿಕ್ಕಿವೆ. ಬಿಸ್ಕತ್ ಡಬ್ಬಿಯಲ್ಲಿವೆ.
ನಾಲ್ಕು, ಕೌಲ್ ಬಜಾರಿನ ಹೊನ್ನೂರವಲಿಯ ರದ್ದಿಯಲ್ಲಿ;
ಒಂದು, ಸಿರುಗುಪ್ಪದ ಕ್ಷೌರದಂಗಡಿಯ ಕನ್ನಡಿ ಸಂದಿಯಲ್ಲಿ;
ಇನ್ನೊಂದನ್ನು ಯಾರೋ ಸೈಕಲ್ ಕಡ್ಡಿಗೆ ಸಿಗಿಸಿ ಟರ್ರ್ ಅನ್ನಿಸಿದ್ದರು,
ಅದರ ಅಂಚು ಈಗಲೂ ಹುಲ್ಲಿನಂತೆ ಸೀಳಿದೆ.
ಹದಿನಾರನೆಯದಕ್ಕೆ ನಾನು ಕೊಟ್ಟದ್ದು
ಜೀನ್ಸ್ ಹೊಲಿಯುವ ಮಷಿನ್ನಿನ ಮೋಟಾರು.
ಮನೆಯಲ್ಲಿ ಗೊತ್ತಿಲ್ಲ.

ಹೊನ್ನೂರವಲಿ ಒಮ್ಮೆ ರದ್ದಿಯಿಂದ
ಇಂಗ್ಲಿಷ್ ಪುಸ್ತಕವೊಂದನ್ನು ತೆಗೆದಿಟ್ಟಿದ್ದ.
"ನೋಡು, ನಿನ್ನಂಥವರು ಅಲ್ಲೂ ಅದಾರ."
ಕೆನಡಾ. ಬೇಸ್‌ಬಾಲ್ ಆಟಗಾರರ ಹಳೇ ಕಾರ್ಡು.
ಅಮೆರಿಕದ್ದು ರಾಶಿ ರಾಶಿ;
ಅದೇ ಮುಖ, ಅದೇ ಟೋಪಿ, ಕೆನಡಾದ್ದು ಕಮ್ಮಿ,
ಬೆನ್ನ ಮೇಲೆ ಇಂಗ್ಲಿಷಿನ ಪಕ್ಕ ಫ್ರೆಂಚು.
ಆ ಬೆನ್ನಿಗಾಗಿ ಪ್ರಾಣ ಬಿಡುತ್ತಾರಂತೆ.
ಹಿಮದೂರಿನ ಆ ಮಂದಿ ಅವತ್ತು
ನನ್ನ ಸೋದರಮಾವನ ಮಕ್ಕಳಂತೆ ಕಂಡರು.

ಮೂವತ್ತೊಂದರ ಸುದ್ದಿ ಕಳೆದ ಆದಿತ್ಯವಾರ ಬಂತು.
ಬಂಡಿಹಟ್ಟಿ. ಜೀನ್ಸಿಗೆ ಗುಂಡಿ ಹಚ್ಚುವ ಹುಲಿಗೆಮ್ಮನ ಮನೆ.
ಟ್ರಂಕಿನ ಮುಚ್ಚಳ ಎತ್ತಿದಳು. ನುಸಿಗುಳಿಗೆಯ ವಾಸನೆ.
ಮುಚ್ಚಳದ ಒಳಮೈಗೆ ಹನ್ನೊಂದು ಜನ,
ಗಂಜಿ ಬಳಿದು ಅಂಟಿಸಿದ ತಂಡ.
ನಡುವೆ ಅವನು. ಬಣ್ಣ ಕೂಡ ಮಾಸಿಲ್ಲ.

"ನಮ್ಮಣ್ಣ ರಾಮಾಂಜಿನಿ ಹಚ್ಚಿದ್ದು.
ತಗಡಿಗೆ ಕೂಡಿಬಿಟ್ಟಾವ ನೋಡ್ರಿ."
"ಯಾವಾಗ?"
"ನಾನಾಗ ಎರಡನೇ ಕ್ಲಾಸು. ಬ್ಯಾಸಿಗಿ."
"ಯಾವ ಬ್ಯಾಸಿಗಿ?"
ನಕ್ಕಳು. "ಬಳ್ಳಾರ್ಯಾಗ ನಿಂತು
ಯಾವ ಬ್ಯಾಸಿಗಿ ಅಂತ ಕೇಳ್ತಿರಲ್ಲ."

ಅಂಚಿಗೆ ಉಗುರಿಟ್ಟೆ. ತೆಗೆದೆ.
ಬಿಸಿನೀರಿನ ಆವಿ ಹಿಡಿದರೆ ಏಳಬಹುದು;
ಎದ್ದರೂ ಅಕ್ಷರ ಗಂಜಿಯ ಜೊತೆ ತಗಡಿನಲ್ಲೇ ಉಳಿದೀತು.
ಓದಬೇಕೆಂದರೆ ಹರಿಯಬೇಕು.

"ಹಿಂದ ಅಂಥಾದ್ದೇನ್ ಬರದಾರ?"
ಎಷ್ಟು ಕ್ಯಾಚು ಹಿಡಿದ, ಎಷ್ಟು ಸ್ಟಂಪು ಮಾಡಿದ, ಎಂದೆ.
"ಅದು ನನಗ ಗೊತ್ತೈತಿ,"
ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು:
ನೂರಾ ಹತ್ತು ಕ್ಯಾಚು, ಇಪ್ಪತ್ತೆರಡು ಸ್ಟಂಪು.
ಅಂಟಿಸುವ ಮುಂಚೆ ಅಣ್ಣ ಜೋರಾಗಿ ಓದಿದ್ದನಂತೆ.
ನನ್ನ ಗಂಟಲು ಒಣಗಿತು.
"ಕನ್ನಡದಾಗ ಓದಿದ್ನಾ? ತೆಲುಗಿನ್ಯಾಗಾ?"

ಗುಂಡಿ ಹಿಡಿದ ಬೆರಳು ನಿಂತವು.
ಟ್ರಂಕಿನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು.
"ಮನ್ಯಾಗ ಎರಡೂ ಮಾತಾಡ್ತಿದ್ವಿ.
ಯಾವುದ್ರಾಗ ಅಂದ ಅಂತ ಯಾರು ನೆನಪಿಡ್ತಾರ?"

ದುಡ್ಡಿನ ಮಾತು ನಾನು ಎತ್ತಲಿಲ್ಲ.
ಎತ್ತಿದೆ, ಸುಳ್ಳು ಯಾಕೆ, ಎರಡು ಸಲ.
ಅವಳು ಸೀರೆ ಸರಿಮಾಡಿ ಮುಚ್ಚಳ ಇಳಿಸಿದಳು.
ಕತ್ತಲಲ್ಲೂ ಅವನು ಬಗ್ಗಿಯೇ ಕೂತಿರಬೇಕು,
ಗ್ಲೌಸು ಚಾಚಿ.

ರಾತ್ರಿ ಪಟ್ಟಿ ತೆಗೆದೆ.
ಮೂವತ್ತೊಂದರ ಮುಂದೆ ಟಿಕ್ ಹಾಕಲು ಹೋಗಿ
ಅರ್ಧಕ್ಕೇ ಪೆನ್ಸಿಲ್ ನಿಂತಿತು:
ಅದು ತೆಲುಗಿನ ತಲೆಕಟ್ಟು.
ಅಳಿಸಲೂ ಇಲ್ಲ.