ಬೂದಿಯಾಗದವು

ರೆಡ್‌ರೂತ್ ಊರಾಚೆಯ ಚಿತಾಗಾರದಲ್ಲಿ ನನ್ನದು ಬೆಳಗಿನ ಪಾಳಿ.
ಬೆಂಕಿಗಿಂತ ಮೊದಲು ಕಾಗದ:
ಎದೆಯಲ್ಲಿ ಏನಾದರೂ ಇದೆಯೆ? ಇದ್ದರೆ ತೆಗೆಸಿದಿರಾ?
ಯಾರು, ಯಾವತ್ತು, ರುಜು.
ಬ್ಯಾಟರಿ ಉರಿಯಲ್ಲಿ ಸಿಡಿಯುತ್ತದೆ,
ಒಲೆಯ ಇಟ್ಟಿಗೆ ಕಿತ್ತುಬರುತ್ತದೆ.
ಹೃದಯ ಹಾಗೇನೂ ಮಾಡುವುದಿಲ್ಲ,
ಸದ್ದಿಲ್ಲದೆ ಹೋಗುತ್ತದೆ.

ಡೆನ್ಜಿಲ್ ಪಾಸ್ಕೋನ ಎದೆ ಬಿಚ್ಚಿದವನು ಹೇಳಿದ:
ಇನ್ನೂ ಮಿಡಿಯುತ್ತಲೇ ಇತ್ತು ಮಾರಾಯ್ತಿ,
ನಿಮಿಷಕ್ಕೆ ಅರವತ್ತು.
ಐದು ದಿನದ ಹೆಣವನ್ನು
ಇಡೀ ಕಾರ್ನ್‌ವಾಲಿನಲ್ಲಿ ಅದೊಂದೇ ಎಬ್ಬಿಸುತ್ತಿತ್ತು,
ಏಳೋ, ಏಳೋ, ಇಸ್ಕೂಲಿಗೆ ಹೊತ್ತಾಯಿತು
ಎನ್ನುವ ದೊಡ್ಡಕ್ಕನ ಹಾಗೆ.

ಆರಿದ ಮೇಲೆ ಜಾಲಿಸಬೇಕು.
ಆಯಸ್ಕಾಂತ ಆಡಿಸಿದರೆ ಪೆಟ್ಟಿಗೆಯ ಮೊಳೆಗಳೆಲ್ಲ ಓಡಿಬರುತ್ತವೆ.
ಟೈಟಾನಿಯಂ ಬರುವುದಿಲ್ಲ, ಅದಕ್ಕೆ ಬಿಗುಮಾನ.
ಕೈಯೇ ಬೇಕು.

ಇವತ್ತು ಮಿಸೆಸ್ ಟ್ರೆಲೋರ್ ಸೊಂಟ.
ರುಬ್ಬುಗುಂಡಿನ ಮರಿಯಂಥದು, ನುಣ್ಣಗೆ,
ಮೇಲೊಂದು ಮಸಿ ಗೆರೆ, ಅಷ್ಟೆ.
ಹನ್ನೊಂದು ವರ್ಷ ಅದು ಬೆಟ್ಟದ ಬೀದಿ ಹತ್ತಿದೆ, ಇಳಿದಿದೆ,
ಮೊಮ್ಮಗಳ ಮದುವೆಯಲ್ಲಿ ಒಂದು ಸುತ್ತು ಕುಣಿದಿದೆ,
ಚರ್ಚಿನಲ್ಲಿ ಮಂಡಿಯೂರುವಾಗ ಮಾತ್ರ ಕಿರಿಕಿರಿ ಮಾಡಿದೆ.
ಅದರ ಮೈಮೇಲೆ ಕೆತ್ತಿದ ಒಂಬತ್ತು ಅಂಕಿಯ ನಂಬರು
ಇನ್ನೂ ಓದಬಹುದು.
ಆಯಮ್ಮನ ಮೈಮೇಲೆ ಏನು ಬರೆದಿತ್ತೋ
ಅದು ಈಗ ಈ ತಟ್ಟೆಯಲ್ಲಿ ಹಿಟ್ಟು.

ಇವನ್ನೆಲ್ಲ ಡಬ್ಬಿಗೆ ಹಾಕುತ್ತೇವೆ, ಲಾರಿ ಬರುತ್ತದೆ,
ಕರಗಿಸುತ್ತಾರೆ.
ಯಾರದೋ ಮಂಡಿ ಯಾವುದೋ ವಿಮಾನದಲ್ಲಿ
ಅಟ್ಲಾಂಟಿಕ್ ದಾಟುತ್ತಿದ್ದರೂ ಇರಬಹುದು.
ಒಬ್ಬಳು ಮಾತ್ರ ಅಮ್ಮನ ಮಂಡಿ ವಾಪಸ್ ಕೇಳಿ ಒಯ್ದಳು.
ಹಿತ್ತಿಲ ಬಾಗಿಲು ಗಾಳಿಗೆ ಬಡಿಯುತ್ತಿತ್ತಂತೆ,
ಅಡ್ಡ ಇಟ್ಟಿದ್ದೇನೆ ಅಂದಳು,
ಬದುಕಿದ್ದಾಗಲೂ ಅಡ್ಡ ಬರುವುದೇ ಅವಳ ಕೆಲಸ.
ಅಂದು, ಅತ್ತಳು.

ಮನುಷ್ಯನ ಮೈಗೆ ಯಂತ್ರ ಬೆರೆಯುತ್ತಿದೆಯೆಂದು
ಇಲ್ಲಿನ ಟೀವಿಯಲ್ಲಿ ಬೆರಗುಪಡುತ್ತಾರೆ.
ನನಗೇನೋ ಅದು ಹಳೇ ನೆಂಟ.

ನನ್ನ ತಾತ ಮುನಿವೆಂಕಟಪ್ಪ
ಕೋಲಾರದ ಚಾಂಪಿಯನ್ ರೀಫಿನಲ್ಲಿ ಇಪ್ಪತ್ತಾರು ವರ್ಷ
ಕೊರೆಯುವ ಯಂತ್ರ ಎದೆಗೊತ್ತಿ ನಿಂತವನು.
ಕೊರೆಯುವುದ ಕಲಿಸಲು ಮೊದಲು ಬಂದವರು
ಇದೇ ಸೀಮೆಯವರು, ಇದೇ ಪಾಸ್ಕೋಗಳು, ಟ್ರೆಲೋರ್‌ಗಳು.
ಯಂತ್ರ ಇಳಿಸಿದ ಮೇಲೂ ಅದು ತಾತನ ಕೈ ಬಿಡಲಿಲ್ಲ.
ಲೋಟದ ಕಾಫಿಯಲ್ಲಿ ಸಣ್ಣ ಸಣ್ಣ ಅಲೆ,
ನಮಗೆ ಮಕ್ಕಳಿಗೆ ಅದೊಂದು ಆಟ, ಬಗ್ಗಿ ನೋಡುತ್ತಿದ್ದೆವು.
ಪುಪ್ಪಸದ ತುಂಬ ಕಲ್ಲಿನ ಪುಡಿ.
ಒಳಗೆ ಹೋಗುವಾಗ ಯಾರೂ ರುಜು ಕೇಳಲಿಲ್ಲ,
ನಂಬರು ಕೆತ್ತಿರಲಿಲ್ಲ,
ತೆಗೆಯಲು ಯಾರೂ ಬರಲಿಲ್ಲ.
ಮಣ್ಣು ಮಾಡಿದೆವು.
ಚಿನ್ನ ಬೇರೆ ಕಡೆ ಹೋಯಿತು.

ನನ್ನ ಎಡತೋಳಿನಲ್ಲೂ ಒಂದಿದೆ,
ಎಂಟಾಣೆಯಷ್ಟಗಲ.
ಐದೈದು ನಿಮಿಷಕ್ಕೆ ನನ್ನ ನೆತ್ತರಿನ ಸಕ್ಕರೆಯನ್ನು
ಫೋನಿಗೆ ಚಾಡಿ ಹೇಳುತ್ತದೆ.
ನಡುರಾತ್ರಿ ಕಿರುಚಿ ಎಬ್ಬಿಸಿದಾಗ
ಕತ್ತಲಲ್ಲಿ ಬೆಲ್ಲದ ಅಚ್ಚು ಕಡಿಯುತ್ತ ಕೂರುತ್ತೇನೆ,
ಹಸಿದವಳು ಯಾರು, ಅದೋ ನಾನೋ, ತಿಳಿಯದೆ.
ಅವ್ವ ಹೋದ ಮೇಲೆ
ಊಟ ಆಯಿತಾ ಅಂತ ಇಷ್ಟು ಸಲ ಕೇಳಿದವರಿಲ್ಲ.

ಈಗಲೂ ಕೂಗಿತು, ಬೂದಿಯ ಮುಂದೆಯೇ.
ಪಕ್ಕದ ಮೇಜಿನ ಜೆನ್ನಾ ನಕ್ಕು
ತನ್ನ ಬಿಸ್ಕತ್ತಿನ ಪೊಟ್ಟಣ ಇತ್ತ ತಳ್ಳಿದಳು.
ಕೈ ತೊಳೆಯಲು ಏಳಬೇಕು.
ಡಬ್ಬಿಗೆ ಹಾಕಲು ಎತ್ತಿದ ಗುಂಡು
ಒಳಗೊಳಗೆ ಇನ್ನೂ ಬೆಚ್ಚಗಿದೆ.
ಜನವರಿ, ಕಿಟಕಿಯಾಚೆ ಸಮುದ್ರದ ಥಂಡಿ.
ಒಂದು ಗಳಿಗೆ ಹೆಚ್ಚಿಗೆ ಹಿಡಿದುಕೊಂಡೆ.
ಮಿಸೆಸ್ ಟ್ರೆಲೋರ್ ಬೇಡವೆನ್ನುತ್ತಿರಲಿಲ್ಲ, ಅಂದುಕೊಂಡೆ.