ಹಲಗೆಯ ಒಳಮೈ

ಮಾರ್ಬಲ್‌ಹೆಡ್ಡಿನಲ್ಲಿ ನೆಲವೆಂದರೆ ಕಲ್ಲು.
ಅಪ್ಪ ನೇಗಿಲು ಬಿಟ್ಟು ಬಾಚಿ ಹಿಡಿದ, ನಾನೂ ಹಿಡಿದೆ.
ಕಡಲಿಗೆ ಹೋದವರು ಕಾಡ್ ಮೀನು ತರುತ್ತಾರೆ,
ಹೆಂಗಸರು ತಟ್ಟಿಗಳ ಮೇಲೆ ಹರವಿ ಮಗುಚುತ್ತಾರೆ,
ನಾನು ಪೀಪಾಯಿ ಕಟ್ಟುತ್ತೇನೆ.
ಮೂವತ್ತೊಂದು ವರ್ಷದಿಂದ ಇಷ್ಟೇ.
ಊರು ಬಿಟ್ಟು ಕದಲಿದವನಲ್ಲ,
ಆದರೂ ಈ ಕರಾವಳಿಯ ಉದ್ದಕ್ಕೂ ಬಲ್ಲೆ,
ಮೂಗಿನಿಂದ.

ಖಾಲಿಯಾಗಿ ಮರಳಿದ ಪೀಪಾಯಿಯೊಳಗೆ
ತಲೆ ಹಾಕಿದರೆ ಸಾಕು.
ಬಿರುಕಿನಲ್ಲಿ ಗೋಧಿಹಿಟ್ಟು: ಫಿಲಡೆಲ್ಫಿಯಾ.
ಅಲ್ಲಿ ಯೋಸ್ಟ್ ಕೆಸ್ಲರ್ ಎಂಬ ಗಿರಣಿಯವ
ಬೈಯುವುದೂ ಜರ್ಮನ್ನಿನಲ್ಲಿ, ದೇವರನ್ನು ಕರೆಯುವುದೂ ಅದರಲ್ಲೇ,
ಯಾರೂ ತಡೆಯುವುದಿಲ್ಲವಂತೆ.
ನನ್ನ ಅಜ್ಜನ ಕಾಲದಲ್ಲಿ ನಮ್ಮವರು ಅಂಥವನಿಗೆ
ಊರಾಚೆಯ ದಾರಿ ತೋರಿಸುತ್ತಿದ್ದರು.

ತೊಳೆದಷ್ಟೂ ಏಳುವ ಹೊಗೆಸೊಪ್ಪಿನ ಘಾಟು: ವರ್ಜೀನಿಯಾ.
ನದಿಯೇ ಮನೆಯಂಗಳಕ್ಕೆ ಬರುತ್ತದಂತೆ,
ಹಡಗು ತೋಟದ ಕಟ್ಟೆಗೇ ತಾಗುತ್ತದಂತೆ,
ಊರು ಅನ್ನುವುದೇ ಇಲ್ಲವಂತೆ.
"ಊರಿಲ್ಲದೆ ಹೇಗೆ ಬದುಕುತ್ತಾರೋ!"
ಅನ್ನುತ್ತಾಳೆ ನನ್ನ ಮೆಹಿಟಬೆಲ್,
ಬಾವಿಕಟ್ಟೆಯ ಮಾತು ಕೇಳದೆ
ಒಂದು ಹೊತ್ತು ಕಳೆಯಲಾರದವಳು.

ಹೋದ ಮಾರ್ಚಿಯಲ್ಲಿ ಒಂದು ಬಂತು ಕೆರೊಲಿನಾದಿಂದ.
ತಳದಲ್ಲಿ ಭತ್ತದ ಹೊಟ್ಟು, ಮುರಿದ ನಾಲ್ಕು ಅಕ್ಕಿಕಾಳು.
ಯಾವಾಗಲೋ ಒಡೆದಿದ್ದ ಒಂದು ಹಲಗೆಗೆ
ಯಾರೋ ಪೈನ್ ತುಂಡು ಕೂಡಿಸಿದ್ದರು.
ಸಂದು ಹುಡುಕಿದೆ, ಉಗುರಿಗೆ ಸಿಗಲಿಲ್ಲ.
ಕಣ್ಣು ಮುಚ್ಚಿ ಬೆರಳಾಡಿಸಿದೆ. ಆಗಲೂ ಇಲ್ಲ.
ನನ್ನ ಕೈಗೆ ಬಾರದ ಕೆಲಸ ಅದು,
ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ.
ಒಳಮೈಯಲ್ಲಿ, ಕೊಳ್ಳುವವನ ಕಣ್ಣು ಹೋಗದ ಕಡೆ,
ಮೂರು ಗೆರೆ, ಒಂದು ಕೊಂಕು.

ಹಡಗಿನ ಟ್ರಾಸ್ಕ್‌ನನ್ನು ಕೇಳಿದೆ.
"ಓ, ಅದಾ? ಕ್ವಾಶ್. ಆಶ್ಲಿ ನದಿಯ ತೋಟದವ.
ಭಾನುವಾರ ಹುಟ್ಟಿದವ ಅಂತ ಅರ್ಥವಂತೆ ಅವರ ಮಾತಿನಲ್ಲಿ."
"ದಿನಕ್ಕೆ ಎಷ್ಟು ಕೂಲಿ ಅವನಿಗೆ?"
ಟ್ರಾಸ್ಕ್ ನನ್ನ ಮುಖ ನೋಡಿದ,
ಮಗು ಏನೋ ಕೇಳಬಾರದ್ದು ಕೇಳಿತೆಂಬಂತೆ.
ಆಮೇಲೆ ಅಂಗಿಯಿಂದ ಒಂದು ಕಾಗದ ತೆಗೆದ.
ತೋಟದ ಯಜಮಾನ ತೀರಿಹೋಗಿದ್ದ, ಆಸ್ತಿಯ ಪಟ್ಟಿ.
ಕೊಡತಿ ಎರಡು. ಬಾಚಿ ಒಂದು, ಹಳೆಯದು.
ಕ್ವಾಶ್.
ಕಬ್ಬಿಣದ ಬಳೆಗಳು, ಒಂದು ಕಂತೆ.

ನಮ್ಮಲ್ಲಿ ಹಾಗಿಲ್ಲ ಎಂದು ಬಾಯಿ ತೆರೆದೆ.
ಪಾದ್ರಿಗಳ ಅಡುಗೆಮನೆಯ ಫಿಲಿಸ್ ನೆನಪಾದಳು,
ಪ್ರಾರ್ಥನಾಮಂದಿರದ ಮೇಲುಪ್ಪರಿಗೆಯ ಮೂಲೆಯಲ್ಲಿ
ಅವಳೊಬ್ಬಳೇ ಕೂರುವ ಬೆಂಚೂ.
ಬಾಯಿ ಮುಚ್ಚಿದೆ.

ಮೀನಿನಲ್ಲಿ ಮೂರು ದರ್ಜೆ.
ಬಿಳಿಯದು, ಗಟ್ಟಿಯದು ಸ್ಪೇನಿಗೆ,
ಮಧ್ಯಮದ್ದು ನಮ್ಮ ಪಾತ್ರೆಗೆ.
ಮುರಿದದ್ದು, ಉಪ್ಪು ತಿಂದು ಸುಟ್ಟದ್ದು,
ಮಳೆಗೆ ಸಿಕ್ಕಿ ನಾತ ಹಿಡಿದದ್ದು
ತೆಂಕಣಕ್ಕೆ, ದ್ವೀಪಗಳಿಗೆ, ತೋಟಗಳಿಗೆ,
ಗುದ್ದಲಿ ಹಿಡಿದವರ ಹೊಟ್ಟೆಗೆ.
ಅದನ್ನು ತುಂಬಲೂ ಪೀಪಾಯಿ ಬೇಕು.
ಅದಕ್ಕೂ ನನಗೆ ಅಷ್ಟೇ ಕೂಲಿ.

ಇಷ್ಟು ವರ್ಷ ನಾನು ಮೂಸುತ್ತಿದ್ದೆ,
ಅವರನ್ನು, ಇಲ್ಲಿ ಕೂತು, ಬಲ್ಲವನಂತೆ.
ಅವನಿಗೂ ಮೂಗಿದೆ ಎಂದು ಹೊಳೆದದ್ದು
ಆ ರಾತ್ರಿ, ಮಲಗಿದ ಮೇಲೆ.
ಅಲ್ಲಿ ಕ್ವಾಶ್ ಮುಚ್ಚಳ ಎಬ್ಬಿಸುತ್ತಾನೆ,
ಬಗ್ಗುತ್ತಾನೆ,
ಒಂದೇ ಉಸಿರಿಗೆ ಗೊತ್ತಾಗುತ್ತದೆ
ನಮ್ಮ ಬಂದರು, ತಟ್ಟಿಗಳು, ಪಾದ್ರಿಗಳು, ನಾನು.

ಬೆಳಿಗ್ಗೆ ಹೊಸ ಓಕ್ ಹಲಗೆಗಳನ್ನು ಬೆಂಕಿಗೆ ಬಾಗಿಸಿದೆ.
ಒಳಮೈಯಲ್ಲಿ ಏನಾದರೂ ಕೊರೆಯೋಣವೆಂದು
ಉಳಿ ಹಿಡಿದು ಕೂತೆ.
ಏನೆಂದು ಕೊರೆಯಲಿ?
ಹೊರಗೆ ಟ್ರಾಸ್ಕ್ ಕೂಗುತ್ತಿದ್ದ, ಗಾಳಿ ತಿರುಗಿದೆ, ಬೇಗ.
ಮೂರನೇ ದರ್ಜೆ ತುಂಬಿದರು.
ಬಳೆ ಜಡಿದು ಕೊಟ್ಟೆ.
ಸಂದು ಮಾತ್ರ ಇನ್ನೊಮ್ಮೆ ಸವರಿ ನೋಡಿದೆ,
ಅವನ ಉಗುರಿಗೆ ಸಿಗಬಾರದೆಂದು.