ಸೋಮವಾರ ಗವಿ ಬಂದ್

ನಮ್ಮೂರ ಬಿಸಿಲು ಹುರಿಯುತ್ತದೆ, ಶೇಂಗಾ ಹುರಿದ ಹಾಗೆ.
ಮುಂಬಯಿಯದು ಮುಚ್ಚಳ ಹಾಕಿ ಬೇಯಿಸುತ್ತದೆ.
ಮೇ ತಿಂಗಳ ಎರಡನೇ ಸೋಮವಾರ, ಬೆಳಗಿನ ಹತ್ತಕ್ಕೇ
ಫಕ್ಕೀರೇಶನ ಅಂಗಿ ಬೆನ್ನಿಗೆ ಅಂಟಿ
ಒಳಗಿನ ಬನಿಯನ್ನಿನ ತೂತು ಎಣಿಸಬಹುದಿತ್ತು.
ಎಣಿಸಿದೆ. ಏಳು.

ದನದ ದವಾಖಾನೆಯ ಚೀಟಿಯ ಬೆನ್ನಿಗೆ
ನೋಡುವ ಜಾಗಗಳನ್ನೆಲ್ಲ ಬರೆದು ತಂದಿದ್ದ,
ಒಂದು, ಎರಡು, ಮೂರು ಎಂದು ನಂಬರು ಹಾಕಿ.
ಮುಂದಿನ ಮಗ್ಗುಲಲ್ಲಿ ಯಾರದೋ ಎಮ್ಮೆಯ ಕೆಚ್ಚಲು ಬಾವಿನ ಔಷಧಿ.
ಇಪ್ಪತ್ತೊಂದು ವರ್ಷಕ್ಕೆ ನಮ್ಮ ಮೊದಲ ಪ್ರವಾಸ.
ಹಿಟ್ಟಿನ ಗಿರಣಿಗೆ ಬೀಗ ಹಾಕಿ ಬಂದಿದ್ದೆ, ಬೆಲ್ಟಿನ ಸದ್ದು
ರೈಲಿಳಿದರೂ ಕಿವಿಯೊಳಗೆ ತಿರುಗುತ್ತಲೇ ಇತ್ತು.

ಸಮುದ್ರದ ದಂಡೆಯ ದೊಡ್ಡ ಕಮಾನು, ಪಾರಿವಾಳದ ಹಿಕ್ಕೆ,
ದೋಣಿ ಟಿಕೀಟಿನವನು ನಕ್ಕ:
ಸೋಮವಾರ ಗವಿ ಬಂದ್.
ಬೇಕಾದರೆ ಅರ್ಧ ತಾಸು ನೀರ ಮೇಲೆ ತಿರುಗಿಸಿ ತರುತ್ತೇನೆ.
'ಇಷ್ಟು ದೂರ ಬಂದೀವಿ' ಅಂದ ಇವನು. ಕುಳಿತೆವು.
ದೋಣಿ ಹೋಯಿತು, ಒಂದು ಹಡಗಿನ ತುಕ್ಕು ತೋರಿಸಿತು,
ತಿರುಗಿ ಬಂತು.
ಕಾಣದ ಶಿವನ ಕಡೆಗೆ ಇವನೊಮ್ಮೆ ಕೈ ಮುಗಿದ,
ದಿಕ್ಕು ತಪ್ಪಿತ್ತು ಅನ್ನಿಸುತ್ತದೆ,
ಅಲ್ಲಿದ್ದದ್ದು ಎಣ್ಣೆಯ ಟಾಕಿ.

ಆಮೇಲೆ ಜಗಳ.
ಟ್ಯಾಕ್ಸಿ ಬೇಡ ಅಂದವನು ಅವನು, ಕೊಡೆ ಬೇಡ ಅಂದವಳು ನಾನು.
ಕಲ್ಲಂಗಡಿ ತಿನ್ನುತ್ತ ಜಗಳಾಡುವುದು ಕಷ್ಟ,
ಬೀಜ ಉಗುಳುವಷ್ಟರಲ್ಲಿ ಮಾತಿನ ಪಾಳಿ ತಪ್ಪುತ್ತದೆ.

ಕೊನೆಗೆ ಒಂದು ಎಟಿಎಂ.
ಮುಂಬಯಿಯಲ್ಲಿ ನಾವು ಕಂಡ ಎಲ್ಲಕ್ಕಿಂತ ಚೆಂದದ ಜಾಗ,
ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ, ಹಿಮದಂಥ ತಂಪು.
ಕಾವಲಿನವನು ನೋಡುತ್ತಿದ್ದಾನೆಂದು ಇವನು
ಕಾರ್ಡು ತುರುಕಿದ, ತೆಗೆದ, ಮತ್ತೆ ತುರುಕಿದ,
ಬ್ಯಾಲೆನ್ಸು ಕೇಳಿದ, ಬೇಕಂತಲೇ ಒಮ್ಮೆ ಪಿನ್ನು ತಪ್ಪಿಸಿದ,
ಕಡೆಗೆ ಮಿನಿ ಸ್ಟೇಟ್‌ಮೆಂಟು. ಯಂತ್ರ ನಾಲಿಗೆ ಚಾಚಿತು.
ಗಾಳಿ ಹಾಕಿಕೊಳ್ಳಲೆಂದು ಆ ಚೀಟಿ ನಾನು ಕಸಿದುಕೊಂಡೆ.

ಗಿರಣಿಯವಳು ನಾನು. ಒಂದು ಹಿಡಿ ಹಿಟ್ಟು ಕಮ್ಮಿಯಾದರೂ
ಕೈಗೆ ಗೊತ್ತಾಗುತ್ತದೆ.
ಫೆಬ್ರವರಿ ಐದು, ಎಂಟುನೂರು. ಮಾರ್ಚ್ ಐದು, ಎಂಟುನೂರು.
ಏಪ್ರಿಲ್ ಐದು. ಮೊನ್ನೆಯ ಐದು.
ಮೇಲಿಂದ ತಂಪು ಸುರಿಯುತ್ತಿದ್ದಂತೆಯೇ
ಕುತ್ತಿಗೆಯ ಹಿಂದೆ ಬೆವರು ಒಡೆಯಿತು.
ಇಸ್ಪೀಟೋ, ಸಾಲವೋ, ಇನ್ನೊಂದು ಮನೆಯೋ,
ಮನಸ್ಸು ಹೋಗಬಾರದ ಕಡೆಗೆಲ್ಲ ಹೋಗಿ ಬಂತು,
ಆ ದೋಣಿಗಿಂತ ಬೇಗ.
ಕೇಳಲಿಲ್ಲ. ಮಡಚಿ ಚೀಲಕ್ಕೆ ಹಾಕಿಕೊಂಡೆ.

ಸಂಜೆ ಕೊಲಾಬಾದ ಫುಟ್‌ಪಾತು, ಬಳೆಯ ಗಾಡಿ.
ಗಿಣಿಹಸಿರು ಗಾಜು, ಒಂದು ಡಜನ್ ಸಾಕಂದೆ.
'ಎರಡು ಇರ್ಲಿ' ಅಂದ.
'ಎರಡ್ಯಾಕ?'
'ಇರ್ಲಿ ಬಿಡು.'
ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ. ಒರೆಸುತ್ತಲೇ ಇದ್ದ.

ಗಿರಣಿಯ ಬಾಯಿಗೆ ಜೋಳ ಸಿಕ್ಕಿಕೊಂಡರೆ
ನನ್ನ ಕೈ ಒಳಗೆ ಹೋಗುತ್ತಿರಲಿಲ್ಲ, ಕಸ್ತೂರಿಯದು ಹೋಗುತ್ತಿತ್ತು.
'ವೈನಿ, ನೀವು ಸರೀರಿ' ಎಂದು
ಮೊಣಕೈತನಕ ಹಿಟ್ಟು ಮೆತ್ತಿಕೊಂಡು ನಗುತ್ತಿದ್ದಳು ನನ್ನ ನಾದಿನಿ.
ಬೇರೆ ಜಾತಿಯ ಹುಡುಗನ ಜೊತೆ ಅವಳು ಹೋದ ಮರುದಿನ
ಅತ್ತೆ ಅವಳ ಊಟದ ತಾಟನ್ನು ಹಳೇ ಪಾತ್ರೆಯವನಿಗೆ ಹಾಕಿದಳು.
ಹನ್ನೊಂದು ವರ್ಷ, ಆ ಹೆಸರು ಮನೆಯಲ್ಲಿ ಯಾರೂ ಎತ್ತಿಲ್ಲ.
ಇವನಂತೂ ಎಲ್ಲರಿಗಿಂತ ಜೋರಾಗಿ ಎತ್ತಲಿಲ್ಲ.

ಬಳೆಯವನು ಎರಡೂ ಡಜನ್ ನನ್ನ ಅಳತೆಗೇ ಕಟ್ಟುತ್ತಿದ್ದ, ಎರಡು-ಎಂಟು.
ತಡೆದೆ.
ಒಂದು ಎರಡು-ನಾಲ್ಕರದು ಕೊಡು, ಅಂದೆ,
ನನ್ನ ಹರಕು ಹಿಂದಿಯಲ್ಲಿ, ಬೆರಳಲ್ಲಿ ಸಣ್ಣ ಸುತ್ತು ಮಾಡಿ.

ಫಕ್ಕೀರೇಶ ಆ ಬೆರಳಿನ ಸುತ್ತನ್ನು ನೋಡಿದ.
ಟ್ಯಾಕ್ಸಿಯೊಂದು ಹಾರ್ನು ಬಾರಿಸಿತು, ಇಬ್ಬರೂ ಸರಿದು ನಿಂತೆವು.
'ಸೋಡಾ ಕುಡಿಯೂಣೇನ?' ಅಂದ.
'ಉಪ್ಪಿಂದು' ಅಂದೆ.

ನಾಳೆ ಗವಿ ತೆರೆಯುವ ಹೊತ್ತಿಗೆ ನಮ್ಮ ರೈಲು ಮಿರಜ್ ದಾಟಿರುತ್ತದೆ.
ಅವಳಿರುವ ಊರು ಯಾವುದೆಂದು ಇನ್ನೂ ಕೇಳಿಲ್ಲ.
ಬಳೆಯ ಡಬ್ಬಿ ಅವನ ತೊಡೆಯ ಮೇಲಿದೆ,
ನಿದ್ದೆಯಲ್ಲೂ ಹಿಡಿದಿದ್ದಾನೆ.